ವಾರಂಟಿ ಖರ್ಚು: ರಿಪೇರಿ ಬಂದಾಗ ಬರೀಬೇಕಾ, ಮಾರಿದಾಗ್ಲೇ ತೆಗೆದಿಡಬೇಕಾ?

ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಸ್ವಂತ ಕೂಲರ್ ಮಾಡಿ ಒಂದು ವರ್ಷ ವಾರಂಟಿ ಕೊಟ್ಟು ಮಾರೋರಿಗೆ ಈ ಪ್ರಶ್ನೆ ಬಂದೇ ಬರ್ತದ.

ಮೊದಲ್ನೇದು, ಮೋಟರ್ ಸುಟ್ಟು ಗಿರಾಕಿ ತಂದಾಗಷ್ಟೇ ಖರ್ಚು ಬರಿಯೋದು. ಸರಳ ಅದ, ಅಂದಾಜಿನ ತಲೆಬ್ಯಾನಿ ಇಲ್ಲ. ಆದ್ರ ನಮ್ಮ ಕಡಿ ಮಾರ್ಚ್‌ನಾಗೇ ಬಿಸಿಲು ಶುರು, ಬಾಳಷ್ಟು ಮಾಲು ಮಾರ್ಚ್ 31ರ ಒಳಗ ಹೋಗ್ತದ, ರಿಪೇರಿ ಮೇ ತಿಂಗಳಾಗ ಬರ್ತದ, ಅಂದ್ರ ಲಾಭ ಈ ವರ್ಷದ ಲೆಕ್ಕದಾಗ ಖರ್ಚು ಮುಂದಿನ ವರ್ಷದಾಗ, ಹಿಂಗಾದ್ರ ಬ್ಯಾಂಕಿನವ್ರಿಗೂ ನಿಮಗೂ ಖರೇ ಲಾಭ ಎಷ್ಟು ಅಂತ ತಿಳಿಯಂಗಿಲ್ಲ.

ಎರಡನೇದು, ಮಾರಿದ ವರ್ಷನೇ ಪ್ರಾವಿಜನ್, ಅಂದ್ರ ಮುಂದ ಬರೋ ರಿಪೇರಿ ಖರ್ಚು ಅಂದಾಜು ಮಾಡಿ ಲೆಕ್ಕದಾಗ ಮೊದಲೇ ತೆಗೆದಿಡೋದು. 1000 ಕೂಲರ್ ಮಾರಿದ್ರಿ ಅನ್ಕೋರಿ, ಹಳೇ ರಿಜಿಸ್ಟರ್ ಪ್ರಕಾರ 100ಕ್ಕ 5 ವಾಪಸ್ ಬರ್ತಾವ, ಒಂದಕ್ಕ 400 ರೂಪಾಯಿ ಅಂದ್ರ 20,000. ವಾರಂಟಿ ಖರ್ಚು ಡೆಬಿಟ್, ಪ್ರಾವಿಜನ್ ಕ್ರೆಡಿಟ್. ಮುಂದ ರಿಪೇರಿ ಮಾಡಿದಾಗ ಪ್ರಾವಿಜನ್ ಡೆಬಿಟ್, ಸ್ಪೇರ್ ಪಾರ್ಟ್ಸ್ ಇಲ್ಲಾ ಕ್ಯಾಶ್ ಕ್ರೆಡಿಟ್, ಆವಾಗ ಹೊಸ ಖರ್ಚು ಬೀಳಂಗಿಲ್ಲ. ವರ್ಷದ ಕೊನಿಗೆ ಅಂದಾಜು ಮತ್ತ ತಿದ್ದಬೇಕು, ಇದೊಂದು ಕೆಲಸ ಜಾಸ್ತಿ. ನಮ್ಮ ದೇಶದ ಲೆಕ್ಕ ಬರಿಯೋ ನಿಯಮಗಳಾದ (ಅಕೌಂಟಿಂಗ್ ಸ್ಟ್ಯಾಂಡರ್ಡ್) ಎಎಸ್ 29, ಇಂಡ್ ಎಎಸ್ 37 ಎರಡೂ ಕೇಳೋದು ಈ ಪದ್ಧತಿನೇ.

ಇನ್ನೂ ಆಗದ ಖರ್ಚು ಟ್ಯಾಕ್ಸಿನವ್ರು ಒಪ್ಪಂಗಿಲ್ಲ ಅಂತ ಹೆದರಿಕಿ ಇದ್ರ, 2009ರ ರೋಟಾರ್ಕ್ ಕಂಟ್ರೋಲ್ಸ್ ಕೇಸಿನಾಗ ಸುಪ್ರೀಂ ಕೋರ್ಟು ಹಳೇ ಅನುಭವದ ಮ್ಯಾಲ ಸರಿಯಾಗಿ ಲೆಕ್ಕ ಹಾಕಿದ ವಾರಂಟಿ ಪ್ರಾವಿಜನ್ನಿಗೆ ಇನ್‌ಕಮ್ ಟ್ಯಾಕ್ಸ್ ಲೆಕ್ಕದಾಗ ಕಡಿತ ಸಿಗ್ತದ ಅಂದದ. ಮನಸ್ಸಿಗೆ ಬಂದ ಅಂಕಿ ನಡಿಯಂಗಿಲ್ಲ, ರಿಜಿಸ್ಟರ್ ಬೇಕೇ ಬೇಕ್ರಿ.

ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದಾಗ ಬರೇ ಡೀಲರ್ ಇದ್ದು ವಾರಂಟಿ ಪೂರ್ತಿ ಕಂಪನಿದೇ ಆದ್ರ ನಿಮ್ಮ ಬುಕ್ಕಿನಾಗ ಪ್ರಾವಿಜನ್ ಬ್ಯಾಡ. ಸ್ವಂತ ತಯಾರು ಮಾಡೋರು ಮಾತ್ರ ಎರಡನೇದೇ ಹಿಡೀರಿ.