ಒಂಟಿ ಗುಂಡಿ, ಸೆಪ್ಟಿಕ್ ಟ್ಯಾಂಕು, ಜೋಡಿ ಗುಂಡಿ: ಒಂದೇ ಹಿತ್ತಿಲಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ

ಸಾಗರ ತಾಲೂಕಿನ ನಮ್ಮಂಥ ಊರುಗಳಲ್ಲಿ ಒಳಚರಂಡಿ ಇಲ್ಲ. ಶೌಚದ ನೀರು ಇಂಗುವುದೂ ಹಿತ್ತಿಲಲ್ಲಿಯೇ, ಕುಡಿಯುವ ನೀರು ಸೇದುವುದೂ ಅದೇ ಹಿತ್ತಿಲ ಬಾವಿಯಿಂದಲೇ. ಆದ್ದರಿಂದ ಗುಂಡಿ ಯಾವ ಬಗೆಯದಾಗಿರಬೇಕು ಎಂಬುದು ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟುಬಿಡುವ ವಿಷಯವಲ್ಲ. ಬಹುಪಾಲು ಮನೆಗಳಲ್ಲಿ ಆಗುವುದು ಮಾತ್ರ ಹಾಗೆಯೇ. ನಮ್ಮ ಕುಟುಂಬದ ಜಾಗದಲ್ಲಿ ಮೂರು ಬಗೆಯವೂ ಇವೆ. ಹಳೆಯ ಮನೆಗೆ ಸಿಮೆಂಟ್ ರಿಂಗ್ ಇಳಿಸಿದ ಒಂಟಿ ಗುಂಡಿ, ನಾವು ಈಗ ವಾಸವಿರುವ ಮನೆಗೆ ಸೆಪ್ಟಿಕ್ ಟ್ಯಾಂಕು ಮತ್ತು ಅದರಿಂದ ಹೊರಬರುವ ನೀರನ್ನು ನೆಲಕ್ಕೆ ಇಂಗಿಸುವ ಇಂಗುಗುಂಡಿ, ತಮ್ಮನ ಮನೆಗೆ ಜೋಡಿ ಗುಂಡಿ, ಅಂದರೆ ಸರದಿಯಂತೆ ಬಳಸುವ ಎರಡು ಗುಂಡಿ. ಮಣ್ಣು ಒಂದೇ, ಮಳೆ ಒಂದೇ, ಬಳಸುವವರ ರೂಢಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇವುಗಳಲ್ಲಿ ಕಂಡ ವ್ಯತ್ಯಾಸ ಆಯಾ ರಚನೆಯದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಬೇಸಿಗೆಯಲ್ಲಿ ಮೂರೂ ಯಾವ ತಕರಾರೂ ಇಲ್ಲದೆ ನಡೆಯುತ್ತವೆ. ಅವುಗಳ ಪರೀಕ್ಷೆಯಾಗುವುದು ಎರಡೇ ಸಂದರ್ಭಗಳಲ್ಲಿ: ಆಷಾಢ-ಶ್ರಾವಣದಲ್ಲಿ ನೆಲ ಇನ್ನು ನೀರು ಕುಡಿಯಲಾರೆ ಎನ್ನುವಾಗ, ಮತ್ತು ಗುಂಡಿ ತುಂಬಿ ಖಾಲಿ ಮಾಡಲೇಬೇಕಾಗಿ ಬಂದಾಗ. ಈ ಎರಡರಲ್ಲಿ ಯಾವುದು ಹೇಗೆ ನಡೆದುಕೊಂಡಿತು ಎಂಬುದೇ ಈ ಬರಹದ ವಿಷಯ.

ಒಂಟಿ ಗುಂಡಿಯಿಂದಲೇ ಶುರುಮಾಡುತ್ತೇನೆ. ಮೂರು ಅಡಿ ವ್ಯಾಸದ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಸಂದುಗಳಿಗೆ ಗಾರೆ ಹಾಕದೆ, ತಳವನ್ನು ತೆರೆದೇ ಬಿಟ್ಟು, ಮೇಲೊಂದು ಚಪ್ಪಡಿ ಮುಚ್ಚಿದರೆ ಕೆಲಸ ಮುಗಿಯುತ್ತದೆ. ಖರ್ಚು ಕಡಿಮೆ, ಜಾಗವೂ ಕಡಿಮೆ. ಆಳ ಹೆಚ್ಚಿದ್ದಷ್ಟೂ ಹೆಚ್ಚು ವರ್ಷ ಬಾಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಹತ್ತು-ಹನ್ನೆರಡು ಅಡಿ ತೆಗೆದವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಈ ಆಳವೇ ದೊಡ್ಡ ದೋಷ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲಕ್ಕೆ ಬರುತ್ತದೆ ಎಂದರೆ, ಅದೇ ಹಿತ್ತಿಲಿನ ಗುಂಡಿಯ ತಳವೂ ಅಂತರ್ಜಲದಲ್ಲಿ ಮುಳುಗಿದೆ ಎಂದೇ ಅರ್ಥ. ಆಗ ಗುಂಡಿಯಲ್ಲಿರುವುದು ಮಣ್ಣಿನಲ್ಲಿ ಸೋಸಿಕೊಂಡು ಇಳಿಯುವುದಿಲ್ಲ, ನೇರವಾಗಿ ನೀರಿಗೆ ಸೇರುತ್ತದೆ. ಗುಂಡಿಯ ತಳಕ್ಕೂ ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕೂ ನಡುವೆ ಕನಿಷ್ಠ 2 ಮೀಟರ್ ಒಣಮಣ್ಣು ಇರಬೇಕೆಂಬುದು ಮಾರ್ಗಸೂಚಿಗಳು ಸಾಮಾನ್ಯವಾಗಿ ಹೇಳುವ ನಿಯಮ. ಹನ್ನೆರಡು ಅಡಿಯ ಗುಂಡಿ ನಮ್ಮ ನೆಲದಲ್ಲಿ ಆ ನಿಯಮಕ್ಕೆ ಒಳಪಡುವುದು ಸಾಧ್ಯವೇ ಇಲ್ಲ.

ಇದು ಊಹೆಯ ಮಾತಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ನೀರು ಪರೀಕ್ಷೆಗೆ ಕೊಡುವ ಸಣ್ಣ ಬಾಟಲಿಯಲ್ಲಿ ಹಳೆಯ ಮನೆಯ ಬಾವಿಯ ನೀರನ್ನು ಗುರುತಿನವರೆಗೆ ತುಂಬಿಸಿ ಅಡುಗೆಮನೆಯ ಗೂಡಿನಲ್ಲಿ ಇಟ್ಟು ನೋಡಿದ್ದೇನೆ. ಬೇಸಿಗೆಯಲ್ಲಿ ತುಂಬಿಟ್ಟ ಬಾಟಲಿ ತಿಳಿಯಾಗಿಯೇ ಉಳಿಯಿತು. ಮಳೆಗಾಲದಲ್ಲಿ ತುಂಬಿಟ್ಟದ್ದು ಮಾರನೆಯ ದಿನ ಅಂಚಿನಲ್ಲಿ ಕಂದಾಗಿ, ಅದರ ಮಾರನೆಯ ದಿನಕ್ಕೆ ಪೂರ್ತಿ ಕಪ್ಪಾಯಿತು. ಕಪ್ಪಾಯಿತೆಂದರೆ ಮಲದ ರೋಗಾಣುಗಳಿರುವ ಸಂಭವವಿದೆ, ಕುದಿಸದೆ ಕುಡಿಯಬಾರದು ಎಂದು ತಿಳಿಯಬೇಕು. ನಮ್ಮ ಜಂಬಿಟ್ಟಿಗೆ ನೆಲದ ಇನ್ನೊಂದು ಗುಣವನ್ನೂ ಇಲ್ಲಿ ನೆನಪಿಡಬೇಕು: ಅದರೊಳಗೆ ಬೆರಳು ತೂರುವಷ್ಟು ಅಗಲದ ಕೊಳವೆಗಳು, ಬಿರುಕುಗಳು ಎಷ್ಟೋ ದೂರದವರೆಗೆ ಹಬ್ಬಿರುತ್ತವೆ, ನೀರು ಅವುಗಳಲ್ಲಿ ಸೋಸದೆ ಓಡುತ್ತದೆ. ಆದ್ದರಿಂದ ಸಾಮಾನ್ಯ ಮಣ್ಣಿಗೆ ಹೇಳುವ 10 ಮೀಟರ್ ದೂರ ನಮ್ಮಲ್ಲಿ ಸಾಲದು. ಯಾವುದೇ ಬಗೆಯ ಗುಂಡಿಯಾಗಲಿ, ಬಾವಿಯಿಂದ 20 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ.

ಒಂಟಿ ಗುಂಡಿ ತುಂಬಿದಾಗ ಇರುವ ದಾರಿಗಳೂ ಎರಡೇ: ಹಸಿಯಾಗಿರುವಾಗಲೇ ಖಾಲಿ ಮಾಡಿಸುವುದು, ಇಲ್ಲವೇ ಮುಚ್ಚಿ ಹೊಸದನ್ನು ತೆಗೆಯುವುದು. ನಾವು ಎರಡನೆಯದನ್ನೇ ಮಾಡಿದೆವು. ಇನ್ನೂ ಬಳಕೆಯಲ್ಲಿರುವ ಒಂಟಿ ಗುಂಡಿ ಇದ್ದವರು ಅದನ್ನು ಕಿತ್ತುಹಾಕಬೇಕಾಗಿಲ್ಲ. ನೀರಿನ ಮಟ್ಟ ಆಳದಲ್ಲಿರುವ ಬಯಲುಸೀಮೆಯಲ್ಲಾದರೆ ಪಕ್ಕದಲ್ಲಿ ಇನ್ನೊಂದನ್ನು ತೆಗೆದು ನೀರನ್ನು ಬೇಕಾದ ಗುಂಡಿಗೆ ತಿರುಗಿಸುವ ಚೇಂಬರ್ ಕಟ್ಟಿದರೆ ಅದೇ ಜೋಡಿ ಗುಂಡಿಯಾಗುತ್ತದೆ. ಬಹಳ ಸುಲಭದ ದುರಸ್ತಿ ಅದು.

ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ಮೊದಲು ಒಂದು ಸ್ಪಷ್ಟನೆ ಬೇಕು. ಹಳ್ಳಿಗಳಲ್ಲಿ ಸೆಪ್ಟಿಕ್ ಟ್ಯಾಂಕು ಎಂದು ಕರೆಯುವ ಅನೇಕವು ಕಲ್ಲು ಕಟ್ಟಿ ಚಪ್ಪಡಿ ಮುಚ್ಚಿದ ದೊಡ್ಡ ಗುಂಡಿಗಳಷ್ಟೇ. ನಿಜವಾದ ಟ್ಯಾಂಕು ತಳವೂ ಸೇರಿದಂತೆ ಎಲ್ಲ ಕಡೆ ಗಾರೆಯಾಗಿ ನೀರು ಸೋರದಂತಿರಬೇಕು, ನೀರು ಒಳಬರುವಲ್ಲಿಯೂ ಹೊರಹೋಗುವಲ್ಲಿಯೂ ಇಂಗ್ಲಿಷಿನ T ಅಕ್ಷರದ ಆಕಾರದ ಟೀ ಪೈಪ್ ಇರಬೇಕು, ಗಾಳಿ ಹೋಗಲು ಸೂರಿಗಿಂತ ಎತ್ತರದ ಪೈಪ್ ಇರಬೇಕು. ಸೆಪ್ಟಿಕ್ ಟ್ಯಾಂಕಿನ ಅಳತೆ ಹೇಳುವ ಭಾರತೀಯ ಮಾನಕ 2470ರ (IS 2470) ಪ್ರಕಾರ ಐದು ಜನರ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳ ಇದ್ದರೆ ಸಾಕು. ಮತ್ತೆಂದೂ ಖಾಲಿ ಮಾಡಿಸುವ ಗೋಜೇ ಬೇಡವೆಂದು ಇದರ ಹತ್ತು ಪಟ್ಟು ದೊಡ್ಡದನ್ನು ಕಟ್ಟುವವರಿದ್ದಾರೆ; ವರ್ಷಗಟ್ಟಲೆ ತಳದಲ್ಲಿ ಕೂತ ಹೂಳು ಗಟ್ಟಿಯಾಗಿ, ಕೊನೆಗೆ ಹೂಳನ್ನು ಪೈಪಿನಿಂದ ಹೀರಿಕೊಂಡು ಹೋಗುವ ಸಕ್ಕಿಂಗ್ ಗಾಡಿಯ ಪೈಪಿಗೂ ಏಳದ ಸ್ಥಿತಿ ಬರುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಖಾಲಿಯಾಗುವ ಸಣ್ಣ ಟ್ಯಾಂಕೇ ಮೇಲು.

ಯಾವಾಗ ಖಾಲಿ ಮಾಡಿಸಬೇಕು ಎಂಬುದನ್ನು ನಾನು ಕೋಲಿನಿಂದ ತಿಳಿಯುತ್ತೇನೆ. ಉದ್ದನೆಯ ಬಿದಿರುಗಳುವಿನ ತುದಿಗೆ ಹಳೆಯ ಬಿಳಿ ಟವೆಲನ್ನು ಒಂದು ಮೀಟರಿನಷ್ಟು ಸುತ್ತಿ ದಾರದಿಂದ ಬಿಗಿದು, ಹೊರಹೋಗುವ ಟೀ ಪೈಪಿನ ಬಳಿಯ ಮುಚ್ಚಳ ತೆಗೆದು, ಮುಖವನ್ನು ದೂರವಿಟ್ಟುಕೊಂಡೇ ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಬೇಕು. ಮೇಲಿನ ನೀರು ಬಟ್ಟೆಯಿಂದ ಇಳಿದು ಹೋಗುತ್ತದೆ, ತಳದ ಹೂಳಿನ ಕಪ್ಪು ಕಣಗಳು ಮಾತ್ರ ನೂಲಿಗೆ ಅಂಟಿಕೊಂಡು ಎಷ್ಟು ಎತ್ತರಕ್ಕೆ ಹೂಳಿದೆ ಎಂಬ ಗೆರೆಯನ್ನು ಬಿಡುತ್ತವೆ. ಆ ಗೆರೆ ನೀರಿನ ಆಳದ ಮೂರನೇ ಒಂದು ಭಾಗಕ್ಕೆ ಬಂದರೆ ಗಾಡಿಗೆ ಹೇಳಬೇಕು. ಪೇಟೆಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯನ್ನು ತಿಂಗಳುಗಟ್ಟಲೆ ಹಾಕಿಯೂ ನೋಡಿದೆವು, ಸಗಣಿ ನೀರನ್ನೂ ಹಾಕಿ ನೋಡಿದೆವು. ಟವೆಲಿನ ಗೆರೆ ಎರಡರಿಂದಲೂ ಕೆಳಗೆ ಇಳಿಯಲಿಲ್ಲ. ಟ್ಯಾಂಕಿಗೆ ಬೇಕಾದ ಸೂಕ್ಷ್ಮಾಣುಗಳು ಮಲದಲ್ಲಿಯೇ ಧಾರಾಳವಾಗಿರುವುದರಿಂದ ಆ ದುಡ್ಡು ದಂಡ. ಆಸಿಡ್ ಬಾಟಲಿಗಳನ್ನು ಸುರಿಯದಿರುವುದು, ಅಡುಗೆಮನೆಯ ಜಿಡ್ಡನ್ನು ಟ್ಯಾಂಕಿಗೆ ಬಿಡದಿರುವುದು ಇವೆರಡೇ ಅದಕ್ಕೆ ಮಾಡಬಹುದಾದ ಉಪಕಾರ.

ಗಾಡಿಯ ಮಾತಿಗೆ ಬಂದರೆ ಸೆಪ್ಟಿಕ್ ಟ್ಯಾಂಕಿನ ನಿಜವಾದ ಕಷ್ಟ ಕಾಣಿಸುತ್ತದೆ. ಅದು ಟ್ಯಾಂಕಿನ ಹತ್ತಿರಕ್ಕೆ, ಪೈಪ್ ಎಟಕುವ ದೂರಕ್ಕೆ ಬರಲೇಬೇಕು. ನಮ್ಮ ದರೆಯ ದಾರಿಯಲ್ಲಿ ಮಳೆಗಾಲ ಪೂರ್ತಿ ಅದು ಬರುವಂತಿಲ್ಲ. ತೋಟದ ತಗ್ಗಿನ ಮನೆಗಳಿಗಂತೂ ಬೇಸಿಗೆಯಲ್ಲಿಯೂ ಇಲ್ಲ. ಎತ್ತಿಕೊಂಡು ಹೋದದ್ದನ್ನು ಎಲ್ಲಿ ಸುರಿಯುತ್ತಾರೆ ಎಂದು ಒಮ್ಮೆ ಚಾಲಕನನ್ನು ಕೇಳಿದಾಗ ಅವನು ಉತ್ತರಿಸದೆ ಗುಡ್ಡದ ಕಡೆ ಕೈ ತೋರಿಸಿದ. ದೇವನಹಳ್ಳಿಯಲ್ಲಿ 2015ರಲ್ಲಿಯೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಗಿ, ಗಾಡಿ ತಂದದ್ದು ಅಲ್ಲಿ ಒಣಗಿ ಗೊಬ್ಬರವಾಗುತ್ತದೆ. ಅಂಥದ್ದು ಹತ್ತಿರದಲ್ಲಿಲ್ಲದ ಕಡೆ ಟ್ಯಾಂಕು ಖಾಲಿ ಮಾಡಿಸಿದೆವು ಎಂದರೆ ನಮ್ಮ ಹೂಳನ್ನು ಇನ್ನೊಬ್ಬರ ಹಳ್ಳದ ನೀರಿಗೆ ಕಳಿಸಿದೆವು ಎಂದಾಗುತ್ತದೆ. ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಗಾಡಿ ಬಾರದ ಮನೆಗಳಲ್ಲಿ ಆಳನ್ನು ಇಳಿಸುವ ಮಾತು ಈಗಲೂ ಕೇಳಿಬರುತ್ತದೆ. ಅದನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ, ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ; ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಉಳಿಯುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ನಮ್ಮದೇ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ದಶಕಗಳಿಂದ ಹೋರಾಡುತ್ತಿರುವುದು ಈ ಪದ್ಧತಿಯ ವಿರುದ್ಧವೇ. ಗುಂಡಿಯ ಬಗೆಯನ್ನು ಆರಿಸುವಾಗಲೇ, ಮುಂದೆ ಇದನ್ನು ಖಾಲಿ ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು.

ಟ್ಯಾಂಕಿಗಿಂತ ಹೆಚ್ಚು ದುರಸ್ತಿಗೆ ಬರುವುದು ಅದರ ಇಂಗುಗುಂಡಿ. ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಶುದ್ಧ ಮಾಡುವುದು ಮಣ್ಣೇ ಹೊರತು ಟ್ಯಾಂಕಲ್ಲ. ನಮ್ಮ ಇಂಗುಗುಂಡಿಯ ಗೋಡೆಗೆ ಕ್ರಮೇಣ ಕಪ್ಪು ಲೋಳೆ ಕಟ್ಟಿ, ಮಳೆಗಾಲದಲ್ಲಿ ನೀರು ಇಂಗದೆ ಅಂಗಳಕ್ಕೆ ಉಕ್ಕತೊಡಗಿತು. ಮೊದಲು ಅದರ ಪಕ್ಕದಲ್ಲಿ ಇನ್ನೊಂದು ಇಂಗುಗುಂಡಿ ತೆಗೆಸಿದೆವು. ಅದು ಕೆಲವು ಮಳೆಗಾಲ ತಾಳಿ ಅದೇ ಸ್ಥಿತಿಗೆ ಬಂತು. ಆಮೇಲೆ ಮಾಡಿದ್ದು ಇಂಗುಕಾಲುವೆ: ಇಳಿಜಾರಿಗೆ ಅಡ್ಡವಾಗಿ, ಮಟ್ಟ ನೋಡಿಕೊಂಡು, ಮೊಣಕಾಲಿನಿಂದ ಸೊಂಟದೊಳಗಿನ ಆಳದ ಕಾಲುವೆ ತೆಗೆದು, ಜಲ್ಲಿ ಹರಡಿ, ತೂತು ಕೊರೆದ ಪೈಪ್ ಹಾಸಿ, ಮತ್ತೆ ಜಲ್ಲಿ, ಮೇಲೆ ಮಣ್ಣು. ಇದಕ್ಕೆ ಜಾಗ ಹೆಚ್ಚು ಬೇಕು, ಅಗೆತದ ಕೂಲಿಯೂ ಹೆಚ್ಚು. ಆದರೆ ನೀರು ಮೇಲ್ಮಣ್ಣಿನಲ್ಲಿ, ಬೇರುಗಳಿರುವಲ್ಲಿ, ಅಂತರ್ಜಲದಿಂದ ದೂರದಲ್ಲಿ ಹರಡಿಕೊಳ್ಳುತ್ತದೆ. ಅಂಚಿನಲ್ಲಿ ನೆಟ್ಟ ಬಾಳೆ ತಾನೇ ಅದರ ಪಾಲನ್ನು ಕುಡಿಯುತ್ತದೆ. ಕಾಲುವೆ ಹಾಕಿದ ಮೇಲೆ ಅಂಗಳಕ್ಕೆ ನೀರು ಬಂದಿಲ್ಲ. ಉಕ್ಕುವ ಇಂಗುಗುಂಡಿ ಇರುವವರು ಹೊಸ ಗುಂಡಿಗೆ ದುಡ್ಡು ಹಾಕುವ ಬದಲು ಇದನ್ನೇ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಜೋಡಿ ಗುಂಡಿ. ಸುಮಾರು 1 ಮೀಟರ್ ವ್ಯಾಸದ, ಒಂದೂಕಾಲು ಮೀಟರಿನಷ್ಟೇ ಆಳದ ಎರಡು ಗುಂಡಿಗಳು; ಒಂದರಿಂದ ಇನ್ನೊಂದಕ್ಕೆ ಕನಿಷ್ಠ 1 ಮೀಟರ್ ಅಂತರ; ಗೋಡೆಯ ಕಲ್ಲುಗಳ ನಡುವೆ ಕಿಂಡಿ; ತಳ ಬರೀ ಮಣ್ಣು. ಶೌಚಾಲಯದಿಂದ ಬಂದ ಪೈಪ್ ಒಂದು ಚೇಂಬರಿಗೆ ಬಂದು ಅಲ್ಲಿ ಕವಲೊಡೆಯುತ್ತದೆ, ಒಂದು ಕವಲನ್ನು ಸದಾ ಇಟ್ಟಿಗೆಯಿಟ್ಟು ಮುಚ್ಚಿರಬೇಕು. ಒಬ್ಬರ ಹೂಳು ವರ್ಷಕ್ಕೆ ಹೆಚ್ಚೆಂದರೆ 50 ಲೀಟರ್ ಎಂದು ಹಿಡಿದರೆ ಐದು ಜನರ ಮನೆಯ ಗುಂಡಿ ಸುಮಾರು ಮೂರು ವರ್ಷಕ್ಕೆ ತುಂಬುತ್ತದೆ. ಆಗ ಇಟ್ಟಿಗೆಯನ್ನು ತುಂಬಿದ ಗುಂಡಿಯ ಕವಲಿಗೆ ಬದಲಿಸಿ, ಆ ಗುಂಡಿಯನ್ನು ಮುಚ್ಚಿ ಬಿಡಬೇಕು. ನಮ್ಮಂಥ ಬೆಚ್ಚನೆಯ ಹವೆಯಲ್ಲಿ ಹೊಸದೇನೂ ಬೀಳದೆ ಒಂದು ವರ್ಷಕ್ಕೂ ಮೀರಿ ಹಾಗೇ ಬಿಟ್ಟರೆ ರೋಗಾಣುಗಳು ಸಾಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ಜಂತುಹುಳುವಿನ ಮೊಟ್ಟೆಗಳು ಎಲ್ಲಕ್ಕಿಂತ ಗಟ್ಟಿ ಜೀವಗಳಾದ್ದರಿಂದ ನಾವು ಎರಡು ಬೇಸಿಗೆ ಕಳೆಯುವವರೆಗೆ ಮುಟ್ಟುವುದಿಲ್ಲ.

ಹಾಗೆ ಬಿಟ್ಟ ಗುಂಡಿಯ ಚಪ್ಪಡಿ ಸರಿಸಿದಾಗ ಕಂಡದ್ದನ್ನು ಇಲ್ಲಿ ಬರೆಯಲೇಬೇಕು. ತುಂಬಿದ ಮಟ್ಟದಿಂದ ಅರ್ಧಕ್ಕಿಂತ ಕೆಳಗೆ ಕುಗ್ಗಿ, ಮೇಲ್ಮೈ ಒಣಗಿ ಬಿರಿದಿತ್ತು. ಹಾರೆ ಹಾಕಿದರೆ ಕಾಫಿ ಚರಟದಂತೆ ಉದುರುದುರಾಗಿ ಎದ್ದಿತು. ಬಣ್ಣ ಕಡುಗಂದು, ವಾಸನೆ ಮಳೆ ಬಿದ್ದ ಮಣ್ಣಿನದು. ತಮ್ಮ ತಾನೇ ಕೈಗವಸು ಹಾಕಿ ಬುಟ್ಟಿಗೆ ತುಂಬಿ ಅಡಿಕೆ ಮರದ ಬುಡಕ್ಕೆ ಹಾಕಿದ, ತರಕಾರಿ ಪಾತಿಗೆ ಹಾಕಲಿಲ್ಲ. 2017ರಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಅವರು ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದು ತೋರಿಸಿದ್ದು ಇಂಥದೇ ಜೋಡಿ ಗುಂಡಿಯಿಂದ. ಗಾಡಿ ಬೇಡ, ಆಳು ಬೇಡ, ಮನೆಯವರೇ ಮಾಡಬಹುದು ಎಂಬ ಒಂದು ಕಾರಣಕ್ಕೇ ಇದು ನನ್ನ ಮಟ್ಟಿಗೆ ಮೂರರಲ್ಲಿ ಮೊದಲನೆಯದು. ಸ್ವಚ್ಛ ಭಾರತ ಯೋಜನೆಯ 12,000 ರೂಪಾಯಿ ಪ್ರೋತ್ಸಾಹಧನಕ್ಕೆ ಅರ್ಹರಾದವರಿಗೆ ಖರ್ಚಿನ ದೊಡ್ಡ ಪಾಲೂ ಸಿಗುತ್ತದೆ.

ಮಿತಿಗಳನ್ನೂ ಹೇಳಬೇಕು. ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನಿಗೆ ಎರಡು ಲೀಟರ್ ನೀರು ಸಾಕು, ಜೋಡಿ ಗುಂಡಿ ಅದಕ್ಕೆಂದೇ ಆದದ್ದು. ಫ್ಲಶ್ ಟ್ಯಾಂಕಿನ ಕಮೋಡನ್ನೂ ಬಚ್ಚಲ ನೀರನ್ನೂ ಅದಕ್ಕೆ ಸೇರಿಸಿದರೆ ಮಳೆಗಾಲದಲ್ಲಿ ಇಂಗುವುದಿಲ್ಲ. ಬಂಡೆ ಹತ್ತಿರವಿದ್ದರೆ, ನೀರಿನ ಮಟ್ಟ ತೀರ ಮೇಲಿದ್ದರೆ ಗುಂಡಿಯ ಅರ್ಧವನ್ನು ನೆಲದ ಮೇಲೆ ಕಟ್ಟಿ ಸುತ್ತ ಮಣ್ಣು ಏರಿಸಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಕಟ್ಟುವವರದು: ಎರಡೂ ಗುಂಡಿಗಳ ನಡುವೆ ಪೈಪ್ ಹಾಕಿ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹರಿಯುವಂತೆ ಮಾಡಿಬಿಡುತ್ತಾರೆ. ಆಗ ಯಾವ ಗುಂಡಿಗೂ ವಿಶ್ರಾಂತಿ ಇರುವುದಿಲ್ಲ, ಎರಡು ಗುಂಡಿ ತೆಗೆದದ್ದೇ ವ್ಯರ್ಥ. ಚಪ್ಪಡಿ ಮುಚ್ಚುವ ಮುನ್ನ ಮನೆಯವರು ನಿಂತು ಚೇಂಬರಿನ ಕವಲನ್ನು ನೋಡಿಕೊಳ್ಳಬೇಕು.

ಮಂಡಿನೋವಿನ ಹಿರಿಯರಿದ್ದು ಕಮೋಡ್ ಬೇಕೇ ಬೇಕು ಎನ್ನುವ, ರಸ್ತೆ ಅಂಗಳದವರೆಗೂ ಬರುವ ಮನೆಗೆ ಸಣ್ಣ ಸೆಪ್ಟಿಕ್ ಟ್ಯಾಂಕು ಮತ್ತು ಇಂಗುಕಾಲುವೆ ಸರಿ. ಉಳಿದೆಲ್ಲರಿಗೆ ಜೋಡಿ ಗುಂಡಿ. ಯಾವುದನ್ನೇ ಮಾಡಿಸಿದರೂ ಶ್ರಾವಣದ ಮಳೆಯಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಏರಿತು ಎಂದು ಕಟ್ಟೆಯ ಒಳಗೋಡೆಗೆ ಬಣ್ಣದಿಂದ ಒಂದು ಗುರುತು ಹಾಕಿಟ್ಟುಕೊಳ್ಳಿ. ಫಾಲ್ಗುಣದಲ್ಲಿ ಅಗೆತಕ್ಕೆ ಬಂದ ಮೇಸ್ತ್ರಿ ಎಷ್ಟು ಆಳ ತೆಗೆಯಬೇಕೆಂದು ಕೇಳಿದಾಗ, ಆ ಗುರುತಿನಿಂದ 2 ಮೀಟರ್ ಮೇಲೆಯೇ ತಳ ನಿಲ್ಲಬೇಕು ಎಂದು ಅಳೆದು ತೋರಿಸಬಹುದು.