ಪೈನ್‌ಸಿಲ್ ಸೋಲ್ಡರಿಂಗ್ ಐರನ್ ಲ್ಯಾಪ್‌ಟಾಪ್ ಬೋರ್ಡ್ ರಿಪೇರಿಗೆ ಸಾಕಾಗುತ್ತಾ?

ಸಾಕಾಗುತ್ತೆ, ಆದ್ರೆ ಐರನ್ ಒಂದನ್ನೇ ತಗೊಂಡು ಕೂತ್ರೆ ಕೆಲಸ ಆಗಲ್ಲ.

ಪೈನ್‌ಸಿಲ್ ವಿ2 ಟೈಪ್ ಸಿ ಪಿಡಿ (ಪವರ್ ಡೆಲಿವರಿ) ಚಾರ್ಜರಲ್ಲೇ ನಡೆಯುತ್ತೆ, 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಇದ್ರೆ ಬೇರೆ ಅಡಾಪ್ಟರ್ ಬೇಡ (ಯಾವುದೋ ಹಳೇ ಫೋನ್ ಚಾರ್ಜರ್ ಚುಚ್ಚಿ ಬಿಸಿನೇ ಆಗ್ತಿಲ್ಲ ಅಂತ ಬೈಕೋಬೇಡಿ, 20 ವೋಲ್ಟ್ ಕೊಡೋದೇ ಒಳ್ಳೇದು). ಆನ್ ಮಾಡಿದ್ರೆ ಕೆಲವೇ ಸೆಕೆಂಡಲ್ಲಿ ಕಾಯುತ್ತೆ, ಕೆಳಗಿಟ್ರೆ ತಾನೇ ಸ್ಲೀಪಿಗೆ ಹೋಗುತ್ತೆ, ಟಿಎಸ್100 ಅನ್ನೋ ಇನ್ನೊಂದು ಐರನ್ನಿನ ಬಿಟ್‌ಗಳೂ (ಬಿಸಿಯಾಗೋ ತುದಿ) ಕೂರುತ್ತೆ. ಫ್ಯಾನ್ ವೈರು, ಸ್ಪೀಕರ್ ವೈರು ಎಲ್ಲ ಲೀಲಾಜಾಲ.

ನಿಜವಾದ ಪರೀಕ್ಷೆ ಡಿಸಿ ಜಾಕ್ (ಚಾರ್ಜರ್ ಚುಚ್ಚೋ ಸಾಕೆಟ್) ಬದಲಾಯಿಸೋದು. ಅದರ ಗ್ರೌಂಡ್ ಪಿನ್ನು ಬೋರ್ಡ್ ಒಳಗಿನ ತಾಮ್ರದ ಪದರಕ್ಕೆ ಸೇರಿರುತ್ತೆ, ಕೊಟ್ಟ ಬಿಸಿಯೆಲ್ಲ ಅದೇ ಹೀರ್ಕೊಳ್ಳುತ್ತೆ, ಜೊತೆಗೆ ಕಂಪನಿ ಹಾಕಿರೋದು ಲೆಡ್ (ಸೀಸ) ಇಲ್ಲದ ಸೋಲ್ಡರ್, ಕರಗೋಕೇ ಸುಮಾರು 217 ಡಿಗ್ರಿ ಬೇಕು. ಸೂಜಿಮೊನೆ ಬಿಟ್ ಇಟ್ಕೊಂಡು ಟೆಂಪರೇಚರ್ ಏರಿಸ್ತಾ ಹೋದ್ರೆ ಸೋಲ್ಡರ್ ಜಗ್ಗಲ್ಲ, ಪ್ಯಾಡೇ (ಪಿನ್ ಕೂರೋ ಬೋರ್ಡಿನ ತಾಮ್ರ) ಕಿತ್ಕೊಂಡು ಬರುತ್ತೆ. ಅಗಲದ ಚಿಸೆಲ್ ಬಿಟ್ ಹಾಕಿ, 350 ಆಸುಪಾಸು ಇಡಿ, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿಯೋಕೆ ಹಚ್ಚೋದು) ಧಾರಾಳವಾಗಿ ಹಚ್ಚಿ, ಆಮೇಲೆ 63/37 ಲೆಡ್ ಸೋಲ್ಡರ್ (ತವರ 63, ಸೀಸ 37 ಪಾಲು) ಸ್ವಲ್ಪ ಸೇರಿಸಿ, ಅದು 183ಕ್ಕೇ ಕರಗೋದ್ರಿಂದ ಹಳೇದ್ರ ಜೊತೆ ಬೆರೆತು ಅದನ್ನೂ ಮೆತ್ತಗೆ ಮಾಡುತ್ತೆ. ಮಂಕಾಗಿದ್ದ ಜಾಯಿಂಟು ಇಡಿಯಾಗಿ ಒಮ್ಮೆಲೇ ಹೊಳೆಯುತ್ತೆ ನೋಡಿ, ಆಗ ಬ್ರೇಡ್ (ಸೋಲ್ಡರ್ ಹೀರೋ ತಾಮ್ರದ ಹೆಣಿಗೆ) ಒತ್ತಿ ಎಳ್ಕೊಳ್ಳಿ, ಬಿಸಿ ಆರೋ ಮುಂಚೆ ಬ್ರೇಡನ್ನೂ ಬಿಟ್ಟನ್ನೂ ಒಟ್ಟಿಗೇ ಎತ್ಬೇಕು, ಇಲ್ಲಾಂದ್ರೆ ಬ್ರೇಡ್ ಅಲ್ಲೇ ಅಂಟ್ಕೊಂಡುಬಿಡುತ್ತೆ. ಇಷ್ಟಾದ್ರೂ ಬರ್ದಿದ್ರೆ ಕೆಳಗಡೆಯಿಂದ ಪ್ರೀಹೀಟ್ ಕೊಡ್ಬೇಕು, ಬಲ ಹಾಕ್ಬೇಡಿ.

ಅದಕ್ಕೇ ನನ್ನ ಪ್ರಕಾರ ದುಡ್ಡು ಮೊದಲು ಒಳ್ಳೆ ಜೆಲ್ ಫ್ಲಕ್ಸ್‌ಗೆ ಹೋಗ್ಲಿ. ಪೈಪ್ ಬೆಸುಗೆಯ ಆಸಿಡ್ ಫ್ಲಕ್ಸ್ ಮಾತ್ರ ಬೋರ್ಡ್ ಹತ್ರಾನೂ ತರಬೇಡಿ, ತಾಮ್ರ ತಿಂದುಹಾಕುತ್ತೆ. ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್‌ಗೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯೋ ಟೇಪ್), ಕ್ಲೀನಿಂಗಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಒಂದು ಮಲ್ಟಿಮೀಟರ್, ಸಾಕು. ಬ್ಯಾಟರಿ ಕನೆಕ್ಟರ್ ತೆಗೆಯದೆ ಐರನ್ ಮುಟ್ಟಲೇಬೇಡಿ, ಹೊಸ ಜಾಕ್ ಕೂರಿಸಿದ್ಮೇಲೆ ಪ್ಲಸ್‌ಗೂ ಗ್ರೌಂಡ್‌ಗೂ ಶಾರ್ಟ್ ಇದ್ಯಾ ನೋಡಿ ಆಮೇಲೇ ಚಾರ್ಜರ್. ಲೆಡ್ ಮುಟ್ಟಿದ ಕೈ ತೊಳೀರಿ, ಕಿಟಕಿ ತೆಗೆದಿರ್ಲಿ.

ಒಂದು ತಕರಾರು: ಎರಡು ಪಿನ್ ಚಾರ್ಜರಲ್ಲಿ ಅರ್ಥಿಂಗ್ ಇರಲ್ಲ, ಬಿಟ್ ತುದೀಲಿ ಸಣ್ಣ ಕರೆಂಟ್ ಲೀಕೇಜ್ ಇರುತ್ತೆ, ಮೂರು ಪಿನ್ನಿನದೇ ಹುಡುಕಿ. ಬಿಜಿಎ ಚಿಪ್ (ಅಡಿಯಲ್ಲಿ ಸೋಲ್ಡರ್ ಗುಂಡುಗಳಿರೋದು) ಎತ್ತೋ ಆಸೆ ಇರೋರಿಗೆ ಇದು ಅಲ್ಲ, ಅದಕ್ಕೆ ಹಾಟ್ ಏರ್ ಸ್ಟೇಷನ್ನೇ ಬೇಕು, ಆ ಲೆಕ್ಕವೇ ಬೇರೆ.