ಬೋರ್ಡಿಲ್ಲದ ಗ್ಯಾರೇಜು, ನಮ್ಮ ಮಾರುತಿ 800ರ ಎಂಜಿನ್

ನಮ್ಮ ಮನೆಯ ಮಾರುತಿ 800 ಬಂದಿದ್ದು 1997ರಲ್ಲಿ. ಕಾರ್ಬ್ಯುರೇಟರ್ ಗಾಡಿ. ಅಪ್ಪ ತಗೊಂಡಿದ್ದು, ಈಗ ನಾನು ಹಾಸನದಿಂದ ಸಕಲೇಶಪುರದ ಕಡೆಯ ಶಾಲೆಗೆ ಅದರಲ್ಲೇ ಹೋಗಿ ಬರುತ್ತೇನೆ. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಬೆಳಿಗ್ಗೆ ಚೋಕ್ ಎಳೆದರೆ ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಬಾನೆಟ್ ಎತ್ತಿದರೆ ಬೇಜಾರಾಗುತ್ತಿತ್ತು. ಎಣ್ಣೆ ಜಿನುಗಿ, ಅದರ ಮೇಲೆ ಕೆಂಪು ಧೂಳು ಕೂತು, ಮತ್ತೆ ಎಣ್ಣೆ ಜಿನುಗಿ, ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿ ಪದರ ಕಟ್ಟಿತ್ತು. ಪೇಂಟಿನ ಬಣ್ಣ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಕಡೆ ವಾಟರ್ ಸರ್ವಿಸ್ ಮಾಡಿಸಿದ್ದೆ. ಬಿಸಿ ಎಂಜಿನ್ ಮೇಲೆ ನೇರವಾಗಿ ಪ್ರೆಶರ್ ಗನ್ ಹಿಡಿದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮನೆಗೆ ಬರುವ ದಾರಿಯಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯೋಕೆ, ಅಂದರೆ ಎಂಜಿನ್ ತಡವರಿಸೋಕೆ ಶುರುವಾಯಿತು, ಮಳೆಯಲ್ಲಿ ರಸ್ತೆ ಮಧ್ಯೆ ನಿಂತೇ ಹೋಯಿತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ನೀರು ಸೇರಿತ್ತು. ಪ್ಲಗ್ಗುಗಳಿಗೆ ಕರೆಂಟ್ ಹಂಚುವುದೇ ಅದು. ಒಳಗೆ ತೇವ ಇದ್ದರೆ ಕಿಡಿ ದಾರಿ ತಪ್ಪುತ್ತದೆ. ಆಮೇಲೆ ಎಂಜಿನ್ ತೊಳೆಸುವ ಮಾತೇ ಎತ್ತಿರಲಿಲ್ಲ.

ಈ ಸಲ ಹೋಗಿದ್ದು ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯ ಒಂದು ಸಣ್ಣ ಗ್ಯಾರೇಜಿಗೆ. ಬೋರ್ಡೇ ಇಲ್ಲ. ಹಳೇ ಮಾರುತಿಗಳು ಸಾಲಾಗಿ ನಿಂತಿರುತ್ತವೆ, ಅದೇ ಗುರುತು. ನಡೆಸುವವರು ಅರವತ್ತು ದಾಟಿದ ಹಿರಿಯರು. ಎಲ್ಲರೂ ಮೇಸ್ತ್ರಿ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ಬಾನೆಟ್ ಎತ್ತಿದವರೇ ಅವರು ಮೊದಲು ಕೈ ಇಟ್ಟಿದ್ದು ಎಂಜಿನ್ನಿನ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್ ಮೇಲೆ. "ಇನ್ನೂ ಬಿಸಿ ಇದೆ ಟೀಚರಮ್ಮ. ಆರಲಿ, ಟೀ ಕುಡೀರಿ" ಅಂದರು. ಮುಕ್ಕಾಲು ಗಂಟೆ ಗಾಡಿ ಮುಟ್ಟಲಿಲ್ಲ. ಬಿಸಿ ಎಂಜಿನ್ ಮೇಲೆ ತಣ್ಣೀರು ಬಿದ್ದರೆ ಒಳ್ಳೆಯದಲ್ಲ. ಜಿಡ್ಡು ತೆಗೆಯಲು ಹಚ್ಚಿದ ಲಿಕ್ವಿಡ್ಡೂ ಕೆಲಸ ಮಾಡುವ ಮೊದಲೇ ಒಣಗಿ ಕಲೆ ಕೂರುತ್ತದೆ. ನನಗೆ ನಂಬಿಕೆ ಬಂದಿದ್ದು ಅಲ್ಲೇ.

ಆರಿದ ಮೇಲೆ ಹತ್ತರ ಸ್ಪ್ಯಾನರ್ ಹಿಡಿದು ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿದರು. ಆಮೇಲೆ ಮುಚ್ಚುವ ಕೆಲಸ. ಶೆಲ್ಫಿನಿಂದ ಒಂದು ಚೀಲ ತೆಗೆದರು, ಅದರ ತುಂಬ ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರ್! ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗೆ ಅರ್ಧ ಲೀಟರಿನ ಕವರ್ ಟೋಪಿ ಹಾಗೆ ತೊಡಿಸಿ, ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಬಿಗಿದರು. ಡಿಸ್ಟ್ರಿಬ್ಯೂಟರಿಗೆ ದೊಡ್ಡ ಪ್ಲಾಸ್ಟಿಕ್, ಒಳಗೊಂದು ಒಣ ಬಟ್ಟೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಅವರು ಈಗಲೂ ಡೈನಮೋ ಅಂತಾರೆ, ಅದಕ್ಕೂ ಒಂದು ಮುಸುಕು. ಏರ್ ಫಿಲ್ಟರ್ ಡಬ್ಬಿ ಬಿಚ್ಚಲಿಲ್ಲ, ಅದರ ಬಾಯಿಗೆ ಕವರ್ ಕಟ್ಟಿದರು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕು, ಆಯಿಲ್ ಮುಚ್ಚಳ ಸರಿಯಾಗಿ ಕೂತಿವೆಯಾ ಅಂತ ಒತ್ತಿ ನೋಡಿದರು. ಇಷ್ಟಕ್ಕೇ ಅರ್ಧ ಗಂಟೆ.

ಸೀಮೆಎಣ್ಣೆ ಹೊಡೀತೀರಾ ಅಂತ ಕೇಳಿದೆ. ತುಂಬ ಗ್ಯಾರೇಜುಗಳಲ್ಲಿ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಗಾಳಿ ಗನ್ನಿಗೆ ತುಂಬಿ ಹೊಡೆಯುತ್ತಾರಲ್ವಾ. "ಮೊದಲು ನಾನೂ ಹೊಡೀತಿದ್ದೆ, ಈಗ ಬಿಟ್ಟಿದೀನಿ. ಹೋಸ್ ಉಬ್ಬಿ ಮೆತ್ತಗಾಗ್ತವೆ. ಒಂದು ಕಿಡಿ ಹಾರಿದ್ರೆ ಗಾಡಿ ಉಳಿಯಲ್ಲ" ಅಂದರು. ಅವರು ಬಳಸಿದ್ದು ನೀರಿನಲ್ಲಿ ಕಲಸುವ ಡಿಗ್ರೀಸರ್, ಜಿಡ್ಡು ಬಿಡಿಸುವ ಲಿಕ್ವಿಡ್. ಒಂದು ಪಾಲಿಗೆ ನಾಲ್ಕು ಪಾಲು ನೀರು. ತೀಕ್ಷ್ಣವಾದದ್ದನ್ನು ನೀರು ಬೆರೆಸದೆ ಹಾಗೇ ಹಚ್ಚಿದರೆ ಅಲ್ಯೂಮಿನಿಯಂ ಕಪ್ಪಾಗುತ್ತದಂತೆ. ಗಟ್ಟಿ ಜಿಡ್ಡನ್ನು ಮೊದಲು ಮರದ ಚಕ್ಕೆಯಿಂದ ಕೆರೆದರು, ಕಬ್ಬಿಣ ಮುಟ್ಟಿಸಲಿಲ್ಲ. ಪೇಂಟ್ ಬ್ರಷ್ಷಿನ ತಗಡಿನ ಪಟ್ಟಿಗೂ ಟೇಪ್ ಸುತ್ತಿದ್ದರು. ಕೆಳಗಿಂದ ಮೇಲಕ್ಕೆ ಹಚ್ಚಿ, ಐದು ನಿಮಿಷ ಬಿಟ್ಟು, ಸಂದಿಗಳಲ್ಲಿ ಟೂತ್‌ಬ್ರಷ್ ಆಡಿಸಿದರು. ತೊಳೆಯಲು ಗಿಡಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರ್, ಅಷ್ಟೇ. ಒಟ್ಟು ಮೂರು ಲೀಟರ್ ನೀರೂ ಖರ್ಚಾಗಿರಲಿಕ್ಕಿಲ್ಲ. ಕೆಳಗೆ ಅಗಲವಾದ ತಗಡಿನ ಟ್ರೇ, ಅದರಲ್ಲಿ ಮರದ ಹೊಟ್ಟು. ಕಪ್ಪು ನೀರೆಲ್ಲ ಅದಕ್ಕೇ ಇಳಿಯಿತು, ಚರಂಡಿಗೆ ಹೋಗಲಿಲ್ಲ. ನನಗೆ ಇದು ತುಂಬ ಇಷ್ಟವಾಯಿತು.

ಆಮೇಲೆ ಬನಿಯನ್ ವೇಸ್ಟಿನಿಂದ ಒರೆಸಿ, ದೂರದಿಂದ ಮೆಲ್ಲಗೆ ಗಾಳಿ ಹೊಡೆದು, ಬಾನೆಟ್ ಎತ್ತಿಟ್ಟು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿದರು. ಕವರ್ ಬಿಚ್ಚಿದ ಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿ ನೋಡಿದರು. ಒಣಗಿತ್ತು. ಬ್ಯಾಟರಿ ವಯರ್ ಸಿಕ್ಕಿಸಿ, ಸ್ಟಾರ್ಟ್ ಮಾಡಿ, ಕಾಲು ಗಂಟೆ ಐಡ್ಲಿಂಗ್‌ನಲ್ಲಿ ಬಿಟ್ಟರು. ಒಂದು ಸಲವೂ ಮಿಸ್ಸಿಂಗ್ ಇಲ್ಲ. ಹೊಳಪಿನ ಪಾಲಿಶ್ ಹಚ್ಚಲಿಲ್ಲ. ಅದು ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ, ಧೂಳೂ ಜಾಸ್ತಿ ಹಿಡಿಯುತ್ತದೆ ಅಂದರು.

ಹೊರಡುವಾಗ ಹೇಳಿದ ಮಾತು ಮುಖ್ಯ. "ಹದಿನೈದು ದಿನ ಓಡಿಸಿ ಬನ್ನಿ. ಎಣ್ಣೆ ಎಲ್ಲಿಂದ ಬರ್ತಿದೆ ಅಂತ ಈಗ ಕಾಣುತ್ತೆ." ಹಾಗೇ ಆಯಿತು. ಶುಚಿಯಾದ ಮೇಲೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಇಳಿದಿತ್ತು. ಎಣ್ಣೆ ಹೊರಬರದಂತೆ ಕವರಿನಡಿ ಇರುವ ಪ್ಯಾಕಿಂಗ್ ಒಣಗಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಹೊಸದು ಹಾಕಿದರು. 800 ತಯಾರಿಕೆ ನಿಂತಿದ್ದು 2014ರಲ್ಲಿ, ಆದರೂ ಈ ಸಣ್ಣ ಸಾಮಾನಿಗೆ ನಾನು ಅಲೆಯಬೇಕಾಗಲಿಲ್ಲ, ಅವರ ಡಬ್ಬಿಯಲ್ಲೇ ಇತ್ತು. ವರ್ಷಗಳಿಂದ ಆಯಿಲ್ ಸುರಿಯುತ್ತಲೇ ಇದ್ದೆ, ಯಾರೂ ಜಾಗ ತೋರಿಸಿರಲಿಲ್ಲ.

ಶುಚಿಗೆ 800 ರೂಪಾಯಿ ತಗೊಂಡರು, ಪ್ಯಾಕಿಂಗ್ ಕೆಲಸ ಬೇರೆ. ನನ್ನ ಮಟ್ಟಿಗೆ ಇದು ಜಾಸ್ತಿ ಅಲ್ಲ. ವಾಟರ್ ಸರ್ವಿಸ್‌ನವರಿಗೆ ಕೊಟ್ಟಿದ್ದು ಇದಕ್ಕಿಂತ ಕಡಿಮೆ, ಆಮೇಲೆ ಗಾಡಿ ಎಳೆಸಿದ ಖರ್ಚು ಇದರ ಎರಡರಷ್ಟು.

ಕೊರತೆ ಇಲ್ಲ ಅಂತಲ್ಲ. ಹನ್ನೊಂದಕ್ಕೆ ಬನ್ನಿ ಅಂದವರು ಗಾಡಿ ನೋಡಿದ್ದು ಹನ್ನೆರಡೂವರೆಗೆ. ಇಡೀ ದಿನ ಬಿಡಬೇಕು. ಬಿಲ್ ಕೊಡುವುದಿಲ್ಲ. ಗೇರ್‌ಬಾಕ್ಸಿನ ಕೆಳಭಾಗ ಪೂರ್ತಿ ಶುಚಿಯಾಗಿಲ್ಲ, ಜಾಕ್ ಹಾಕಿದಾಗ ಮಾಡ್ತೀನಿ ಅಂದಿದ್ದಾರೆ. ಇನ್ನೊಂದು, ಬಾನೆಟ್ ಒಳಗಿನ ಕಂಪನಿಯ ಹಳೇ ಸ್ಟಿಕ್ಕರ್ ಒಂದು ಮೂಲೆ ಎದ್ದುಬಿಟ್ಟಿದೆ. ಅದನ್ನೂ ಮುಚ್ಚಬೇಕಿತ್ತು. ನಿಮ್ಮ ಗಾಡಿಯಲ್ಲಿ ಅಂಥದ್ದಿದ್ದರೆ ಮೊದಲೇ ಹೇಳಿ, ಕೇಳಿದರೆ ಖಂಡಿತ ಮುಚ್ಚುತ್ತಾರೆ.

ಭಾನುವಾರ ರಜೆ. ಬೆಳಿಗ್ಗೆ ಬೇಗ ಹೋಗಿ, ಬಿಸಿಲಿರುವ ದಿನವೇ ಹೋಗಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಗಾಡಿ ತಗೊಳ್ಳುವುದಿಲ್ಲ ಅಂತ ಅವರೇ ಹೇಳಿದರು. ಗೇರ್‌ಬಾಕ್ಸ್ ಕಡೆಯ ಕೆಲಸಕ್ಕೆ ನಾನು ದಸರಾ ರಜೆಯಲ್ಲಿ ಮತ್ತೆ ಹೋಗುತ್ತೇನೆ. ಮನೆಯಲ್ಲಿ ಹಾಲಿನ ಕವರ್ ಬಿಸಾಡದೆ ತೊಳೆದು ಒಣಗಿಸಿ ಇಡುತ್ತಿದ್ದೇನೆ, ಅವರಿಗೆ ಕೊಡಲು.